ಆರನೆಯ ಗೇಟು

ಕಂಬ ಆಫ್ರಾಳ ಎರಡು ಕಾಲುಗಳ ನಡುವೆ ನುಗ್ಗಿದ್ದನ್ನು ಕಂಡವಳು ಅವಳ ತಾಯಿ ಬುರ್ಗಿ ಒಬ್ಬಳೇ. ಕೆಂಪು ಕಂಬ ಹಿಮದ ಮೇಲೆ ಬಾಗಿ, ಮರುಕ್ಷಣವೇ ಏನೂ ನಡೆದಿಲ್ಲವೆಂಬಂತೆ ಎದ್ದು ನಿಂತಿತು. ಕಾಲಿಗೆ ಕಟ್ಟಿದ ಎರಡು ಸ್ಕೀ ಪಟ್ಟಿಗಳಲ್ಲಿ ಒಂದೇ ಒಂದು ಕಂಬದ ತಪ್ಪು ಬದಿಯಿಂದ ಹೋದರೂ ಆ ಓಟ ಲೆಕ್ಕಕ್ಕಿಲ್ಲ. ಆಫ್ರಾ ಮಾತ್ರ ಬಂದ ವೇಗದಲ್ಲೇ ಇಂಥವೇ ಕಂಬ ನೆಟ್ಟು ಗುರುತಿಸಿದ ಉಳಿದ ಗೇಟುಗಳನ್ನು ದಾಟಿ ಗೆರೆ ಮುಟ್ಟಿದಳು. ಅವಳೇ ಎಲ್ಲರಿಗಿಂತ ಮುಂದೆ ಎಂದು ಧ್ವನಿವರ್ಧಕ ಕೂಗಿತು.

ಗೇಟು ಕಾಯುವವಳ ಕೆಲಸವೇನು ಮಹಾ? ಕಂಡದ್ದನ್ನು ಬರೆಯುವುದು. ಬುರ್ಗಿಗೆ ಗೊತ್ತಿಲ್ಲದ್ದಲ್ಲ. ಮಕ್ಕಳಿಗೆ ಸ್ಕೀ ಓಟ ಕಲಿಸುವ ಮೊದಲ ಹಂತದ ಕೋಚ್ ಆಗಲು ಬರಹದ ಪರೀಕ್ಷೆ, ಗೇಟು ನೆಡುವ ಪರೀಕ್ಷೆ, ಪ್ರಥಮ ಚಿಕಿತ್ಸೆ ಎಲ್ಲ ಮುಗಿಸಿದ್ದಳು. ಉಳಿದದ್ದು ಒಂದು ದಿನದ ಈ ಕಾವಲು, ಆಮೇಲೆ ಓಟದ ಮುಖ್ಯಸ್ಥನ ಸಹಿ. ಆಸ್ಟ್ರಿಯಾದ ಟಿರೋಲಿನ ಈ ಕಣಿವೆಯಲ್ಲಿ ಮಕ್ಕಳ ಓಟಕ್ಕೆ ಗೇಟು ಕಾಯುವವರು ಅಪ್ಪ ಅಮ್ಮಂದಿರೇ. ಈ ಚಳಿಯಲ್ಲಿ ಇನ್ಯಾರು ನಿಂತಾರು? ತಮ್ಮ ಮಕ್ಕಳು ಬಂದಾಗ ಕಣ್ಣನ್ನು ಇನ್ನಷ್ಟು ಅಗಲ ಮಾಡಬೇಕೆಂಬುದು ಇಲ್ಲಿಯ ಮರ್ಯಾದೆ. ಆದರೆ ಇವತ್ತು ಗೆದ್ದವಳಿಗೆ ಜಿಲ್ಲಾ ತಂಡದಲ್ಲಿ ಜಾಗ. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರೆ; ಆಫ್ರಾ ಹೆಗ್ಗಣವೂ ಅಲ್ಲ, ಊರಿಗೇ ಚುರುಕಾದ ಹುಡುಗಿ. ಬುರ್ಗಿ ಪೆನ್ಸಿಲನ್ನು ಜೇಬಿಗಿಳಿಸಿದಳು.

ಓಟವೆಲ್ಲ ಮುಗಿದು ಅವಳು ಕೆಳಗಿಳಿಯುವಷ್ಟರಲ್ಲಿ, ಹೆಲ್ಮೆಟ್ಟನ್ನೂ ತೆಗೆಯದೆ ಆಫ್ರಾ ಓಟದ ಮುಖ್ಯಸ್ಥ, ಊರ ಮಕ್ಕಳೆಲ್ಲ ತಾತ ಎಂದೇ ಕರೆಯುವ ಕೊರ್ಬಿನಿಯನ್ ಎದುರು ನಿಂತಿದ್ದಳು.

"ತಾತಾ, ಕಂಬ ನನ್ನ ಕಾಲ್ಮಧ್ಯೆ ಹೋಯ್ತು. ನಾನು ಗೆದ್ದಿಲ್ಲ."

"ಯಾವ ಗೇಟಲ್ಲೇ?"

"ಆರನೇದು. ಅಮ್ಮ ನಿಂತಿದ್ಳಲ್ಲ, ಅಲ್ಲೇ."

ತಪ್ಪಾದರೆ ಯಾರೂ ಕೇಳುವ ಮೊದಲು ನೀನೇ ಹೋಗಿ ಹೇಳು ಎಂದು ಎರಡು ಚಳಿಗಾಲ ಆ ತಲೆಗೆ ತುಂಬಿದವಳು ಬುರ್ಗಿಯೇ. ಎರಡನೆಯವಳಾಗಿ ಬಂದ ಹೆಡಿಯ ಅಪ್ಪ, ಬೇಕರಿಯ ವೆಂಡೆಲ್, ಟೀ ಲೋಟ ಹಿಡಿದುಕೊಂಡೇ ಹತ್ತಿರ ಬಂದ.

"ಅವರಮ್ಮನ್ನೇ ಕೇಳಿ. ಕೋಚ್ ಆಗೋಳು, ಸುಳ್ಳು ಹೇಳ್ತಾಳಾ?"

"ಏನಮ್ಮಾ ಬುರ್ಗಿ?" ಎಂದ ಕೊರ್ಬಿನಿಯನ್.

ಹೂಂ ಎಂದರೆ ಮಗಳ ತಂಡವೂ ಹೋಯಿತು, ಕಂಡೂ ಬರೆಯದ ತಪ್ಪಿಗೆ ತನಗೆ ಸಿಗಬೇಕಾದ ಸಹಿಯೂ ಹೋಯಿತು. ಬುರ್ಗಿ ಅಡ್ಡಡ್ಡ ತಲೆಯಾಡಿಸಿದಳು.

"ಇಲ್ಲ. ಕಂಬ ಮೊಣಕಾಲಿಗೆ ಬಡೀತು, ಅದಕ್ಕೇ ಗಾಬರಿಯಾಗಿದಾಳೆ. ಎರಡು ಸ್ಕೀನೂ ಸರಿಯಾಗೇ ಹೋದ್ವು. ನಾನು ಕಣ್ಣಾರೆ ನೋಡ್ದೆ."

"ಅಮ್ಮಾ, ನಂಗೆ ಗೊತ್ತಾಯ್ತು..."

"ಸುಮ್ನಿರೇ. ಅಷ್ಟು ವೇಗದಲ್ಲಿ ನಿಂಗೇನು ಗೊತ್ತಾಗತ್ತೆ?"

ವೆಂಡೆಲ್ ಉಳಿದ ಟೀಯನ್ನು ಹಿಮಕ್ಕೆ ಚೆಲ್ಲಿದ. "ಬೇಲಿನೇ ಎದ್ದು ಹೊಲ ಮೇಯ್ದ್ರೆ ಯಾರಿಗೆ ಹೇಳೋಣ?"

"ಸಾಕು ಮಾರಾಯ, ಹೋಗಿ ಬನ್ನು ಮಾರು," ಎಂದು ಕೊರ್ಬಿನಿಯನ್ ಅವನನ್ನು ಅಟ್ಟಿದ.

ಬಹುಮಾನ ಹಂಚಿಯಾಯಿತು. ಎತ್ತರದ ಮೆಟ್ಟಿಲು ಹತ್ತಲು ಆಫ್ರಾಳನ್ನು ಹಿಂದಿನಿಂದ ನೂಕಬೇಕಾಯಿತು. ಕೆಳಗೆ ನಿಂತು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವಳು ಬುರ್ಗಿ. ತನ್ನ ಮೇಲೆ ತನಗೇ ಅಸಹ್ಯವಾಗಿತ್ತು, ಆದರೂ ಕೈ ನಿಲ್ಲಲಿಲ್ಲ.

ಕೊರ್ಬಿನಿಯನ್ ಕಾರಿನ ಬಾನೆಟ್ಟಿನ ಮೇಲೆ ಕಾಗದವಿಟ್ಟು ಸಹಿ ಹಾಕಿದ. "ಇವತ್ತಿಂದ ನೀನು ಕೋಚ್ ಕಣಮ್ಮಾ. ಗೆದ್ದ ಓಟಾನೂ ಬೇಡ ಅನ್ನೋ ಮಗಳನ್ನ ಬೆಳೆಸಿದೀಯ. ಊರ ಮಕ್ಕಳನ್ನ ನಿನ್ನ ಕೈಗೆ ಕೊಡೋಕೆ ನಂಗೇನು ಭಯ?" ಅವನು ಆಫ್ರಾಳ ಭುಜ ತಟ್ಟಿದ. "ಸೋಮವಾರದಿಂದ ನಿಮ್ಮಮ್ಮಾನೇ ನಿನ್ನ ಕೋಚ್. ಖುಷಿನಾ?"

ಅಷ್ಟು ಹೊತ್ತಿನಲ್ಲಿ ಮೊದಲ ಬಾರಿ ಹುಡುಗಿ ತಾಯಿಯ ಮುಖ ನೋಡಿದಳು.

"ನಾನು ಬಿದ್ದು ಕಾಲು ಮುರ್ಕೊಂಡ್ರೂ ಬಿದ್ದಿಲ್ಲ ಅಂತೀರಾ, ಕೋಚ್?"