ಮೂರನೆಯ ಸಲ ಕೇಳಿದಾಗ

ಗಂಜಿ ಹಾಕಿದ ಬಿಳಿ ಸೀರೆಯ ವಾಸನೆ ಬಂದರೆ ನನಗೆ ಇಂದಿಗೂ ರಿವ್ಕಾ ಆಂಟಿ ನೆನಪಾಗುತ್ತಾರೆ. ಮುಂಬೈಯ ಗ್ರಾಂಟ್ ರೋಡಿನ ನಮ್ಮ ಚಾಳಿನಲ್ಲಿ ಅವರು ಪಕ್ಕದ ಮನೆಯ ಯಹೂದಿ ಅಜ್ಜಿ. ತಮ್ಮ ಬೆಳ್ಳಿ ಲೋಟ ಕಾಣದಾದಾಗ ನನ್ನನ್ನೇ ಕಳ್ಳಿ ಎಂದಿದ್ದರು. ಅಮ್ಮ ಅದನ್ನು ನಂಬಿ ನನ್ನ ಕೆನ್ನೆಗೆ ಹೊಡೆದಿದ್ದಳು. ವಾರದ ಮೇಲೆ ಲೋಟ ಅವರ ಟ್ರಂಕಿನಲ್ಲೇ ಸಿಕ್ಕಿತು.

ಪಾಪಗಳ ಕ್ಷಮೆಗಾಗಿ ಅವರು ಮಾಡುವ ವರ್ಷದ ದೊಡ್ಡ ಉಪವಾಸ ಸಂಜೆಗೆ ಶುರುವಾಗುವುದಿತ್ತು. ಆ ಮಧ್ಯಾಹ್ನ ಆಂಟಿ ಉಪವಾಸದ ಬಿಳಿ ಸೀರೆಯುಟ್ಟು ನಮ್ಮಲ್ಲಿಗೆ ಬಂದು, ಅಮ್ಮನಿಂದ ಕಲಿತ ಕನ್ನಡದಲ್ಲಿ, "ಬೇಟಾ, ನನ್ನದು ತಪ್ಪು. ಮಾಫ್ ಮಾಡು" ಎಂದರು. ನಾನು ಮುಖ ತಿರುಗಿಸಿದೆ. ಇನ್ನೊಮ್ಮೆ ಕೇಳಿದರು. ನಾನು ತಲೆ ಅಡ್ಡಡ್ಡ ಆಡಿಸಿದೆ.

"ಹಿರಿಯರು ಕೇಳ್ತಿದ್ದಾರೆ, ಹೂಂ ಅನ್ನು ಮಾರಾಯ್ತಿ," ಅಮ್ಮ ಗದರಿದಳು.

"ಅವಳಿಗೆ ಬೈಬೇಡ. ದೇವರಿಗೆ ಮಾಡಿದ ತಪ್ಪನ್ನು ದೇವರು ಮಾಫ್ ಮಾಡ್ತಾನೆ. ಇವಳಿಗೆ ಮಾಡಿದ್ದನ್ನು ಇವಳೇ ಮಾಫ್ ಮಾಡ್ಬೇಕು. ಇಲ್ದಿದ್ರೆ ಉಪವಾಸ ಮಾಡಿದ್ರೂ ನನಗೆ ಶಿಕ್ಷೆ ತಪ್ಪೋದಿಲ್ಲ," ಎಂದ ಆಂಟಿ, ನನ್ನೆದುರು ನೆಲದ ಮೇಲೆ ಕೂತು ಮೂರನೆಯ ಸಲ ಕೇಳಿದರು.

"ಮಾಫ್ ಮಾಡ್ದೆ," ಎಂದೆ. ಅವರು ನನ್ನ ಕೈಯನ್ನು ಕಣ್ಣಿಗೊತ್ತಿಕೊಂಡು ಹೋದರು.

ಅಮ್ಮ ಅವರನ್ನು ಬಾಗಿಲವರೆಗೆ ಬಿಟ್ಟು ಬಂದಳು. ಆಮೇಲೆ ನನ್ನೆದುರು ಕೂತು, "ನಾನೂ ಹೊಡ್ದೆ ಅಲ್ವಾ ಮಗಾ..." ಎಂದಳು. ಅವಳ ಮಾತು ಮುಗಿಯುವ ಮೊದಲೇ ನಾನು ಅವಳ ಮಡಿಲಲ್ಲಿದ್ದೆ.