ಬೇಲಿಯಾಚೆಯ ಸನ್ನೆ

ಹನ್ನೊಂದೂ ಹತ್ತಕ್ಕೆ ಸರಿಯಾಗಿ ಕ್ರೇನ್ ಮತ್ತೆ ನಿಂತಿತು.

ಕಬ್ಬಿಣದ ತೊಲೆಗಳ ಕಟ್ಟು ಎರಡಾಳೆತ್ತರದಲ್ಲಿ ತೂಗುತ್ತಿತ್ತು. ಕೆಳಗಿದ್ದ ಸನ್ನೆಗಾರ ನಿಲ್ಲಿಸೆಂದು ಹೇಳಿರಲಿಲ್ಲ. ಆದರೂ ಅವನು ಆಶ್ಚರ್ಯಪಡಲಿಲ್ಲ. ಕೈ ಇಳಿಸಿ ಧಾರಾಳವಾಗಿ ಆಕಳಿಸಿದ.

ಹೊಸ ಮ್ಯಾನೇಜರು ಕಿಟಕಿಯಿಂದ ಬೇಲಿಯ ಕಡೆ ನೋಡಿದರು. ತಂತಿಬೇಲಿಯಾಚೆ, ರಸ್ತೆಯ ಅಂಚಿನಲ್ಲಿ ಅದೇ ಹೆಂಗಸು. ಐವತ್ತು ದಾಟಿದ ವಯಸ್ಸು. ಬಟ್ಟೆಯ ಚೀಲವನ್ನು ಕಾಲ ಬಳಿ ಇಟ್ಟು, ಎರಡೂ ಕೈಗಳನ್ನು ಮೇಲೆತ್ತಿ ನಿಂತಿದ್ದಳು. ಹೊರೆ ತೂಗಾಡುವುದನ್ನೂ ಬಿಟ್ಟ ಮೇಲೆ ಕೈ ಇಳಿಸಿದಳು, ಚೀಲ ಎತ್ತಿಕೊಂಡಳು, ಹೊರಟುಹೋದಳು. ಕ್ರೇನ್ ಮತ್ತೆ ಚಲಿಸಿತು.

ಹನ್ನೆರಡು ದಿನದಿಂದ ಮ್ಯಾನೇಜರು ಇದನ್ನು ನೋಡುತ್ತಿದ್ದರು. ಅವರು ಈ ಕೆಲಸಕ್ಕೆ ಬಂದೂ ಹನ್ನೆರಡೇ ದಿನವಾಗಿತ್ತು.

"ಯಾಕಯ್ಯಾ ನಿಂತಿತು?" ಅಂಗಳಕ್ಕಿಳಿದು ಸನ್ನೆಗಾರನನ್ನು ಕೇಳಿದರು.

"ಎಲ್ಲಾ ಮೇಲಿನವರ ಇಚ್ಛೆ ಸರ್."

ಕ್ರೇನ್ ನಡೆಸುವಾತನಿಗೆ ಅಂಗಳದಲ್ಲಿ 'ಮೇಲಿನವರು' ಎಂದೇ ಹೆಸರು. ವರ್ಷಕ್ಕೊಮ್ಮೆ ಬದಲಾಗುವ ಗುತ್ತಿಗೆ ಆಳುಗಳ ನಡುವೆ ಬದಲಾಗದೆ ಉಳಿದವನು ಅವನೊಬ್ಬನೇ. ಮಾತು ಕಡಿಮೆ. ಕರೆದರೆ ಕೂಡಲೇ ಕೇಳಿಸದಷ್ಟು ಎತ್ತರದಲ್ಲಿ ಕೂರುವ ಆ ಇನ್ನೊಬ್ಬ ಮೇಲಿನವನಂತೆ.

"ಈ ವಯಸ್ಸಲ್ಲಿ ದಿನಾ ಒಂದು ದರ್ಶನ ಬೇಕಂತೆ," ಸನ್ನೆಗಾರ ನಕ್ಕ. "ನಾನು ಹೀಗೆ ಮಾಡಿದ್ರೆ ನಮ್ಮವಳು ಪೊರಕೆ ಹಿಡ್ಕೊಂಡು ಬರ್ತಿದ್ಳು. ಪಾಪ, ಅವರ ಮನೇಲಿ ಇನ್ನೂ ಗೊತ್ತಾಗಿಲ್ವೇನೋ."

ಮ್ಯಾನೇಜರು ಮೇಲಿನವರನ್ನು ಕೆಳಗೆ ಕರೆಸಿದರು. ಅವನು ಏಣಿಯ ಒಂದೊಂದೇ ಮೆಟ್ಟಿಲು ಇಳಿದು ಬಂದು, ಹೆಲ್ಮೆಟ್ಟನ್ನು ಕೈಯಲ್ಲಿ ಹಿಡಿದು ನಿಂತ.

"ಆಯಮ್ಮ ನಿಮಗೇನಾಗ್ಬೇಕು?"

"ಮಾತುಕತೆ ಇಲ್ಲ ಸರ್."

"ಮತ್ಯಾಕೆ ನಿಲ್ಲಿಸ್ತೀರಿ?"

ಅವನು ಗೋಡೆಯ ಮೇಲಿನ ಫಲಕವನ್ನು ತೋರಿಸಿದ. 'ಹೊರೆ ಎತ್ತುವಾಗ ಸನ್ನೆಗಾರರ ಸನ್ನೆಯನ್ನು ಮಾತ್ರ ಪಾಲಿಸಿ.' ಅದರ ಕೆಳಗೆ ಇನ್ನೊಂದು ಸಾಲು: 'ನಿಲ್ಲಿಸು ಎಂಬ ಸನ್ನೆಯನ್ನು ಯಾರು ಮಾಡಿದರೂ ಪಾಲಿಸಿ.' ಎರಡನೆಯ ಸಾಲಿನ ಬಣ್ಣ ಮೊದಲನೆಯದಕ್ಕಿಂತ ಹೊಸದು. ಇಲ್ಲಿ ಯಾವ ಕೆಲಸವನ್ನೂ ಒಂದೇ ಸಲಕ್ಕೆ ಮುಗಿಸುವುದಿಲ್ಲ ಎಂದು ಮ್ಯಾನೇಜರು ಮನಸ್ಸಿನಲ್ಲೇ ಗುರುತು ಹಾಕಿಕೊಂಡರು.

"ಯಾರಾದರೂ ಅಂದ್ರೆ ನಮ್ಮ ಕೆಲಸದವರಲ್ಲಿ ಯಾರಾದರೂ ಕಣ್ರೀ. ದಾರೀಲಿ ಹೋಗೋರೆಲ್ಲ ಅಲ್ಲ."

"ನಾನೂ ಹಾಗೇ ಅಂದ್ಕೊಂಡಿದ್ದೆ ಸರ್."

ಮ್ಯಾನೇಜರು ಅದನ್ನು ಒಪ್ಪಿಗೆ ಎಂದುಕೊಂಡರು. ಮರುದಿನ ಹನ್ನೊಂದೂ ಹತ್ತಕ್ಕೆ ಕ್ರೇನ್ ನಿಂತಿತು.

ಈ ಸಲ ಅವರು ನೇರವಾಗಿ ಬೇಲಿಯ ಬಳಿಗೇ ಹೋದರು.

"ಅಮ್ಮಾ, ದಿನಾ ಯಾಕೆ ನಿಲ್ಲಿಸ್ತೀರಿ?"

"ನಿಲ್ಲುತ್ತಾ ಅಂತ ನೋಡೋಕೆ ಕಣಪ್ಪಾ."

"ನಿಂತ್ರೆ?"

"ಮನೆಗೆ ಹೋಗ್ತೀನಿ."

"ನಿಲ್ಲದಿದ್ರೆ?"

ಅವಳು ಚೀಲವನ್ನು ಹೆಗಲಿಗೇರಿಸಿಕೊಂಡಳು. "ಆಗ ಬೇರೆ ಎಲ್ಲಿಗಾದ್ರೂ ಹೋಗ್ಬೇಕಾಗತ್ತೆ."

ತಲೆ ಕೆಟ್ಟಿದೆ ಪಾಪ ಎಂದುಕೊಂಡರು ಮ್ಯಾನೇಜರು. ಅವರು ಕೆಟ್ಟವರಲ್ಲ. ಆದರೆ ಹೊರೆಯನ್ನು ಗಾಳಿಯಲ್ಲಿ ಬಿಟ್ಟು ಸುಮ್ಮನೆ ನಿಲ್ಲುವುದೂ ಅಪಾಯವೇ ಎಂದು ಓದಿಕೊಂಡು ಬಂದವರು. ಆ ಸಂಜೆ ಒಂದು ಆಜ್ಞೆ ಬರೆದರು: ಬೇಲಿಯ ಹೊರಗಿನವರ ಸನ್ನೆಗೆ ಕ್ರೇನ್ ನಿಲ್ಲತಕ್ಕದ್ದಲ್ಲ, ಮೀರಿದವರು ಅಂದೇ ಕೆಲಸದಿಂದ ವಜಾ.

'ಮೇಲಿನವರು' ಅದನ್ನು ಎರಡು ಸಲ ಓದಿ ಸಹಿ ಹಾಕಿದ.

"ನಿವೃತ್ತಿಗೆ ಎರಡೇ ವರ್ಷ ಇದೆ. ಯಾರೋ ಹೆಂಗಸಿಗೋಸ್ಕರ ಹಾಳುಮಾಡ್ಕೋಬೇಡಿ," ಎಂದರು ಮ್ಯಾನೇಜರು, ಮೆತ್ತಗೆ.

"ಇಲ್ಲ ಸರ್. ಯಾರೋ ಹೆಂಗಸಿಗೋಸ್ಕರ ಯಾಕೆ ಹಾಳುಮಾಡ್ಕೊಳ್ಳಲಿ."

ಮರುದಿನ ಅಂಗಳದ ಆಳುಗಳೆಲ್ಲ ಕೈಲಿದ್ದ ಕೆಲಸ ಬಿಟ್ಟು ಮೇಲೆ ನೋಡುತ್ತಿದ್ದರು. ಹನ್ನೊಂದೂ ಹತ್ತು. ಬೇಲಿಯಾಚೆ ಎರಡು ಕೈ ಮೇಲೆದ್ದವು. ಒಂದು ಕ್ಷಣವೂ ತಡವಾಗಲಿಲ್ಲ; ಹೊರೆ ನಿಂತಿತು. ಹೆಂಗಸು ನೋಡಿದಳು, ಕೈ ಇಳಿಸಿದಳು, ಹೋದಳು. ಅವತ್ತು ಯಾರೂ ತಮಾಷೆ ಮಾಡಲಿಲ್ಲ.

ಹೊರೆಯನ್ನು ಅದರ ಜಾಗದಲ್ಲಿ ಮೆಲ್ಲಗೆ ಇಳಿಸಿ, ಕೊಕ್ಕೆ ಬಿಡಿಸಿದ್ದನ್ನು ನೋಡಿಕೊಂಡು, 'ಮೇಲಿನವರು' ಕೆಳಗೆ ಬಂದ. ಕ್ಯಾಬಿನ್ನಿನ ಬೀಗದ ಕೈಯನ್ನು ಮೇಜಿನ ಮೇಲಿಟ್ಟ. ಮ್ಯಾನೇಜರು ವಜಾ ಪತ್ರವನ್ನು ಅವನ ಮುಂದಿಟ್ಟರು.

"ಏನು ಮನುಷ್ಯರ್ರೀ ನೀವು. ಈಗ ಮನೇಲಿ ಹೆಂಡತಿಗೆ ಏನಂತ ಹೇಳ್ತೀರಿ?"

"ಹೇಳೋದೇನೂ ಇಲ್ಲ ಸರ್. ಅವಳು ಬೇಲಿ ಆಚೆ ನಿಂತು ನೋಡಿದ್ಳಲ್ಲ."

ಮ್ಯಾನೇಜರು ತಲೆ ಎತ್ತಿದರು. ಅವನು ಪತ್ರಕ್ಕೆ ಸಹಿ ಹಾಕುತ್ತಿದ್ದ.

"ಒಂಬತ್ತು ವರ್ಷದ ಹಿಂದೆ ಕೆಳಗೆ ನಿಂತು ಸನ್ನೆ ಮಾಡ್ತಿದ್ದೋಳು ನಮ್ಮ ಮಗಳು. ಹೊರೆ ಕಟ್ಟಿದ್ದ ಪಟ್ಟಿ ಹಿಂಬದೀಲಿ ಹರೀತಿದ್ದದ್ದು ಬೇಲಿ ಕಡೆಯಿಂದ ಮಾತ್ರ ಕಾಣ್ತಿತ್ತು. ಅವರಮ್ಮ ಬುತ್ತಿ ತಂದೋಳು ಎರಡೂ ಕೈ ಎತ್ತಿದ್ಳು, ನಾನು ನೋಡ್ದೆ. ಮಗಳು ಇಳಿಸು ಅಂತಿದ್ಳು. ಸನ್ನೆಗಾರರ ಸನ್ನೆ ಮಾತ್ರ ಕೇಳ್ಬೇಕು ಅಂತ ಆಗ ಇದ್ದದ್ದು ಒಂದೇ ನಿಯಮ ಸರ್. ಪಾಲಿಸ್ದೆ."