ಮೂರನೆಯ ಟ್ಯೂನು

ಹದಿನೆಂಟು ಸಿನಿಮಾಗಳಿಗೂ ಅವರದು ಒಂದೇ ಪದ್ಧತಿ. ನಿರ್ದೇಶಕ ಮುದ್ದೇಗೌಡರ ಹೊಲದ ಪಂಪ್‌ಸೆಟ್ ಮನೆಯಲ್ಲಿ ಚಾಪೆ ಹಾಸಿ ಕೂರುವುದು, ಸಂಗೀತ ನಿರ್ದೇಶಕ ಪದ್ಮನಾಭಯ್ಯ ಪ್ರತಿ ಹಾಡಿಗೂ ಮೂರು ಟ್ಯೂನು ನುಡಿಸುವುದು, ಮೂರನ್ನೂ ಕೇಳಿದ ಗೌಡರು "ಕಡೇದೇ ಇರ್ಲಿ" ಎನ್ನುವುದು. ಕಡೆಯದು ಎದ್ದು ಕಾಣಲೆಂದೇ ಪದ್ಮನಾಭಯ್ಯ ಮೊದಲೆರಡನ್ನು ಕೈಗೆ ಬಂದಂತೆ ಹೊಸೆದು ತರುತ್ತಿದ್ದರು.

ಮೊನ್ನೆ ಸನ್ಮಾನದ ಸಭೆಯಲ್ಲಿ ಗೌಡರು ಮೈಕಿನ ಮುಂದೆ ಪದ್ಮನಾಭಯ್ಯನವರತ್ತ ಕೈ ತೋರಿಸಿ, "ನಮ್ಮ ಮೇಷ್ಟ್ರು ನನ್ನತ್ರ ಒಂದಿನಾನೂ ನಾಟಕ ಆಡಿದೋರಲ್ಲ" ಎಂದುಬಿಟ್ಟರು. ಆ ಮಾತು ಅವತ್ತಿನಿಂದ ಪದ್ಮನಾಭಯ್ಯನವರನ್ನು ಚುಚ್ಚುತ್ತಲೇ ಇತ್ತು. ಇಷ್ಟು ವರ್ಷದ ಸ್ನೇಹ ಹೋದರೂ ಹೋಗಲಿ, ಹೇಳಿಬಿಡಬೇಕೆಂದು ಇವತ್ತು ಮೊದಲನೆಯ ಟ್ಯೂನಿಗೇ ಹಾರ್ಮೋನಿಯಂ ಮುಚ್ಚಿದರು.

"ಗೌಡ್ರೇ, ನಿಮಗೆ ನಾನು ಮೋಸ ಮಾಡಿದೀನಿ."

"ಏನ್ ಮೇಷ್ಟ್ರೇ, ಬೇರೆ ಕಂಪನಿ ಸೇರ್ಕಂಡ್ರಾ?"

"ತಮಾಷೆ ಅಲ್ಲ. ಮೊದಲೆರಡು ಟ್ಯೂನು ಬೇಕಂತಲೇ ಸಪ್ಪೆ ಮಾಡ್ತಿದ್ದೆ. ನನಗೆ ಬೇಕಾದ್ದನ್ನ ನಿಮ್ಮ ಬಾಯಲ್ಲಿ ಹೇಳಿಸ್ತಿದ್ದೆ."

"ಎಲ್ಲಾ ಸಿನಿಮಾದಲ್ಲೂನಾ?"

"ಎಲ್ಲಾದ್ರಲ್ಲೂ. ಬಯ್ಯೋದಾದ್ರೆ ಬಯ್ದುಬಿಡಿ."

ಗೌಡರು ಬಯ್ಯಲಿಲ್ಲ. ಟವೆಲಿನಿಂದ ಮುಖ ಒರೆಸಿಕೊಂಡು, ತಾವೇ ತಪ್ಪು ಮಾಡಿದವರ ಹಾಗೆ ಮೆಲ್ಲಗೆ ಹೇಳಿದರು:

"ನಂಗೆ ಹಿಡಿಸ್ತಿದ್ದದ್ದು ಯಾವಾಗ್ಲೂ ಮೊದಲನೇದೇ ಮೇಷ್ಟ್ರೇ. ಮೂರನೇದು ನುಡಿಸುವಾಗ ನಿಮ್ಮ ಮೊಕ ಅರಳೋದು ನೋಡಿ, ಬ್ಯಾಡ ಅನ್ನಕ್ಕೆ ಒಂದು ಸಲಾನೂ ಬಾಯಿ ಬರ್ಲಿಲ್ಲ."